ತೊಂಬತ್ತಾರು ಗಂಟೆಯ ಉಷ್ಣ ಚಿಕಿತ್ಸೆ

ಬರೆಯುವುದೋ ಬೇಡವೋ? ಬರೆದರೆ ಸುಳ್ಳು, ಬರೆಯದಿದ್ದರೆ ಹೊರಗೆ. ಪೂರ್ತಿ ಸುಳ್ಳು ಎನ್ನಲಿಕ್ಕೂ ಬರುವುದಿಲ್ಲ. ರೇಡಿಯೋ ಸೆಟ್ಟು ಸರಿಯಾದದ್ದಂತೂ ನಿಜ. ಯಾರಿಂದ ಸರಿಯಾಯಿತು ಎನ್ನುವುದೊಂದೇ ತಕರಾರು. ಆದರೆ ಪುಸ್ತಕದ ಕೊನೆಯ ಕಾಲಮ್ಮಿನಲ್ಲಿ ಕೇಳಿರುವುದು ಅದೊಂದನ್ನೇ ಅಲ್ಲವೇ?

ಸಂತೆಕಟ್ಟೆಯ ಹೆದ್ದಾರಿ ಬದಿಯ ‘ರೋಸಿ ರೇಡಿಯೋಸ್’ನಲ್ಲಿ ಕುಳಿತು ಲಿಯೋನೆಲ್ ಪೆನ್ನಿನ ಮುಚ್ಚಳವನ್ನು ಹನ್ನೊಂದನೆಯ ಸಲ ತೆಗೆದು ಮತ್ತೆ ಹಾಕಿದ. ಪುಸ್ತಕವನ್ನು ಒಯ್ಯುವ ಬಸ್ಸು ಬರಲು ಇನ್ನು ಕಾಲು ಗಂಟೆ ಇತ್ತು.

ಪುಸ್ತಕ ಎಂದರೆ ಮೇಣಬಟ್ಟೆಯ ಹೊದಿಕೆಯ, ನೂಲಿನಿಂದ ಕಟ್ಟಿದ ಒಂದು ದಪ್ಪ ನೋಟುಬುಕ್ಕು. ಎಂಬತ್ಮೂರನೆಯ ಇಸವಿಯ ಆ ಮಳೆಗಾಲಕ್ಕೆ ಅದಕ್ಕೆ ಎರಡು ವರ್ಷ ತುಂಬಿತ್ತು. ದುಬೈ, ಕುವೈತ್, ಮಸ್ಕತ್ತುಗಳಿಂದ ಊರಿಗೆ ಬರುವವರೆಲ್ಲ ಕಂಕುಳಲ್ಲೊಂದು ಟೂ-ಇನ್-ವನ್ ತರುತ್ತಿದ್ದ ಕಾಲ ಅದು. ರೇಡಿಯೋ ಮತ್ತು ಟೇಪು ಒಂದೇ ಹೊಟ್ಟೆಯಲ್ಲಿದ್ದ ಆ ಜಪಾನಿ ಪೆಟ್ಟಿಗೆಗಳು ಇಲ್ಲಿಗೆ ಬಂದ ಆರು ತಿಂಗಳಲ್ಲಿ ಕೆಡುತ್ತಿದ್ದವು. ಒಳಗಿನ ತಂತಿಗಳ ನಕ್ಷೆ ಯಾರ ಬಳಿಯೂ ಇರಲಿಲ್ಲ. ಆದ್ದರಿಂದ ನಾಲ್ಕು ಅಂಗಡಿಯವರು ಒಂದು ಏರ್ಪಾಡು ಮಾಡಿಕೊಂಡಿದ್ದರು. ಯಾರಿಗೆ ಯಾವ ದೋಷದ ಗುಟ್ಟು ಸಿಕ್ಕಿತೋ ಅವರು ಅದನ್ನು ಪುಸ್ತಕದಲ್ಲಿ ಬರೆಯುವುದು; ಮೂರು ದಿನ ಇಟ್ಟುಕೊಂಡು ಬಸ್ಸಿನ ಕಂಡಕ್ಟರರ ಕೈಯಲ್ಲಿ ಮುಂದಿನವರಿಗೆ ಕಳಿಸುವುದು. ಉಡುಪಿಯ ಭುಜಂಗಣ್ಣನಿಂದ ಕಾಪುವಿನ ಯೂಸುಫನಿಗೆ, ಅಲ್ಲಿಂದ ಕಾರ್ಕಳದ ಗಣಪನಿಗೆ, ಅಲ್ಲಿಂದ ಸಂತೆಕಟ್ಟೆಯ ಲಿಯೋನೆಲನಿಗೆ, ಪುನಃ ಉಡುಪಿಗೆ. ತಾರೀಕು, ಸೆಟ್ಟು, ದೋಷ, ಪರಿಹಾರ, ಕಂಡುಹಿಡಿದವರು ಎಂದು ಐದು ಕಾಲಮ್ಮು. ಅಕ್ಕಪಕ್ಕದ ಊರಿನ ಅಂಗಡಿಯವರು ತಮ್ಮ ಕಸುಬಿನ ಗುಟ್ಟನ್ನು ಹೀಗೆ ಒಬ್ಬರಿಗೊಬ್ಬರು ಬಸ್ಸಿನಲ್ಲಿ ಕಳಿಸಿಕೊಡುವುದು ಲೋಕದಲ್ಲಿ ಬೇರೆಲ್ಲಾದರೂ ಉಂಟೋ ತಿಳಿಯದು.

ಎರಡು ವರ್ಷದಲ್ಲಿ ಲಿಯೋನೆಲ್ ಆ ಪುಸ್ತಕದಿಂದ ಎಪ್ಪತ್ತು ಎಂಬತ್ತು ಸೆಟ್ಟು ಸರಿಮಾಡಿದ್ದ. ಬರೆದದ್ದು ಸೊನ್ನೆ. ಹೋದ ತಿಂಗಳು ಭುಜಂಗಣ್ಣ ಮೊದಲ ಹಾಳೆಯಲ್ಲಿ ಕೆಂಪು ಶಾಯಿಯಿಂದ ಹೀಗೆ ಬರೆದಿದ್ದರು: ‘ಕೆಲವು ಸದಸ್ಯರು ಓದುವುದರಲ್ಲಿ ಮಾತ್ರ ಚುರುಕಾಗಿದ್ದಾರೆ. ಜುಲೈ ಮುಗಿಯುವುದರೊಳಗೆ ಒಂದಾದರೂ ಪರಿಹಾರ ಬರೆಯದವರ ಊರಿನಲ್ಲಿ ಪುಸ್ತಕ ಇನ್ನು ಇಳಿಯುವುದಿಲ್ಲ.’ ಹೆಸರು ಹಾಕಿರಲಿಲ್ಲ. ನಾಲ್ವರಲ್ಲಿ ಮೂವರು ಬರೆಯುತ್ತಿದ್ದಾಗ ಹೆಸರು ಹಾಕುವ ಅಗತ್ಯವೂ ಇರಲಿಲ್ಲ. ಪುಸ್ತಕ ಇಳಿಯದಿದ್ದರೆ ಲಿಯೋನೆಲ್ ಅಂಗಡಿಯ ಬಾಗಿಲು ಹಾಕಬೇಕು, ಅಷ್ಟೇ. ಅಂದು ಜುಲೈ ಇಪ್ಪತ್ತೇಳು.

ಇನ್ನು, ಆ ಸೆಟ್ಟಿನ ವಿಷಯ. ಅದು ಕಲ್ಯಾಣಪುರದವರೊಬ್ಬರದು. ಸ್ವಿಚ್ಚು ಒತ್ತಿದರೆ ಕೊರಕೊರ ಎನ್ನುತ್ತಿತ್ತು. ಕ್ಯಾಸೆಟ್ಟು ಹಾಕಿದರೆ ಹಾಡುವ ಹೆಂಗಸು ಗಂಡಸಾಗುತ್ತಿದ್ದಳು, ಗಂಡಸು ಕೋಣವಾಗುತ್ತಿದ್ದ. ಲಿಯೋನೆಲ್ ಅದನ್ನು ಆರು ಸಲ ಬಿಚ್ಚಿ ಆರು ಸಲ ಜೋಡಿಸಿದ. ಏಳನೆಯ ಸಲಕ್ಕೆ ಧೈರ್ಯ ಸಾಲದೆ, ಅಂಗಡಿಯ ಹಿಂದೆಯೇ ಇದ್ದ ಮನೆಗೆ ಒಯ್ದು ಊಟದ ಮೇಜಿನ ಮೇಲೆ ಇಟ್ಟು ಮಲಗಿದ. ಮರುದಿನ ಅವನ ಹೆಂಡತಿ ಡುಲ್ಸಿನ್, ಬಸಿದ ಗಂಜಿಯ ಪಾತ್ರೆಗೆ ಮೇಜಿನಲ್ಲಿ ಜಾಗ ಸಾಲದೆ, ಸೆಟ್ಟನ್ನು ಎತ್ತಿ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಳು. ಮಳೆಗಾಲದಲ್ಲಿ ಥಂಡಿ ಹಿಡಿಯಬಾರದ ಎಲ್ಲ ಸಾಮಾನುಗಳ ಜಾಗ ಅದೇ. ಉಪ್ಪಿನ ಭರಣಿ, ಬೆಂಕಿಪೊಟ್ಟಣ, ಹುಳಿಯ ಮಡಕೆ, ಒಣ ಬಂಗುಡೆಯ ಸರ. ಇಟ್ಟವಳು ಮರೆತಳು. ನಾಲ್ಕು ದಿನ ಕಳೆದು ಲಿಯೋನೆಲ್ ಹುಡುಕಿ ಇಳಿಸಿ, ಬೈಯುತ್ತಾ ಸ್ವಿಚ್ಚು ಒತ್ತಿದರೆ ಸೆಟ್ಟು ಗಂಟೆ ಹೊಡೆದ ಹಾಗೆ ಹಾಡಿತು. ಒಳಗೆ ಕುಳಿತಿದ್ದ ಥಂಡಿ ಒಲೆಯ ಬಿಸಿಗೆ ಹಾರಿಹೋಗಿತ್ತು.

“ಸರಿಯಾಯಿತಾ?” ಎಂದು ಡುಲ್ಸಿನ್ ಕೇಳಿದ್ದಳು.

“ಹ್ಞೂಂ.”

“ಎಂತ ಆಗಿತ್ತು ಅದಕ್ಕೆ?”

“ಅದು ದೊಡ್ಡ ವಿಷಯ ಉಂಟು. ಹೇಳಿದರೆ ನಿನಗೆ ತಿಳಿಯಲಿಕ್ಕಿಲ್ಲ.”

ಈಗ ಪರಿಹಾರದ ಕಾಲಮ್ಮಿನಲ್ಲಿ ಏನೆಂದು ಬರೆಯುವುದು? ‘ಒಣ ಮೀನಿನ ಪಕ್ಕ ಇಡಬೇಕು’ ಎಂದೇ? ಭುಜಂಗಣ್ಣ ಅದನ್ನು ಉಡುಪಿ ಬಸ್ ನಿಲ್ದಾಣದಲ್ಲಿ ನಿಂತು ಗಟ್ಟಿಯಾಗಿ ಓದುವವರು. ದೂರದಲ್ಲಿ ಹಾರ್ನ್ ಕೇಳಿಸಿತು. ಲಿಯೋನೆಲ್ ಬರೆದ: ‘ನಿಧಾನ ಉಷ್ಣ ಚಿಕಿತ್ಸೆ. ಉಷ್ಣತೆ ನಲವತ್ತೆರಡು ಡಿಗ್ರಿ. ಅವಧಿ ತೊಂಬತ್ತಾರು ಗಂಟೆ.’ ನಲವತ್ತೆರಡು ಅವನ ಅಂಗಿಯ ಅಳತೆ. ಅವಸರದಲ್ಲಿ ನೆನಪಾದ ಅಂಕಿ ಅದೊಂದೇ. ಕೊನೆಯ ಕಾಲಮ್ಮಿನ ಮುಂದೆ ಪೆನ್ನು ಒಂದು ಕ್ಷಣ ನಿಂತಿತು. ಕಂಡಕ್ಟರ್ ಸೀಟಿ ಊದಿದ. ಲಿಯೋನೆಲ್ ತನ್ನ ಹೆಸರು ಬರೆದು ನೂಲು ಕಟ್ಟಿ ಕೊಟ್ಟ.

ಪುಸ್ತಕ ಸುತ್ತು ಮುಗಿಸಿ ಹಿಂದಿರುಗಿದಾಗ ಅವನ ಎರಡು ಸಾಲಿನ ಕೆಳಗೆ ಒಂದೂವರೆ ಪುಟ ತುಂಬಿತ್ತು.

ಮೊದಲು ಭುಜಂಗಣ್ಣನ ಕೆಂಪು ಶಾಯಿ: ‘ಅತ್ಯುತ್ತಮ! ಇಂಥ ತಲೆಯನ್ನು ಎರಡು ವರ್ಷ ಎಲ್ಲಿ ಅಡಗಿಸಿಟ್ಟಿದ್ದಿರಿ?’ ನಂತರ ಕಾಪುವಿನ ಯೂಸುಫ್: ‘ಮನೆಯ ಮಾಡಿನ ಮೇಲೆ ಬಿಸಿಲಿಗೆ ಇಟ್ಟು ನೋಡಿದೆ. ಬಿಸಿಲು ಹತ್ತು ನಿಮಿಷ, ಮಳೆ ಮೂರು ದಿನ. ಈಗ ಸೆಟ್ಟಿನಲ್ಲಿ ನೀರು ಅಲುಗಾಡುವ ಶಬ್ದ ಉಂಟು.’ ಕೊನೆಗೆ ಕಾರ್ಕಳದ ಗಣಪ: ‘ಬೇಕರಿಯವರನ್ನು ಕೇಳಿಕೊಂಡು, ಬ್ರೆಡ್ಡು ತೆಗೆದ ಮೇಲೆ ಒಲೆಯಲ್ಲಿ ಇಟ್ಟೆ. ಗುಂಡಿಗಳೆಲ್ಲ ಕರಗಿ ಒಂದೇ ಗುಂಡಿಯಾಗಿವೆ. ಹಾಡು ಬರುವುದಿಲ್ಲ, ಬನ್ನಿನ ಪರಿಮಳ ಬರುತ್ತದೆ. ತಪ್ಪು ನನ್ನದೇ. ನಿಮ್ಮ ಯಂತ್ರ ಯಾವುದೆಂದು ತಿಳಿಸಬೇಕು.’

ತಪ್ಪು ನನ್ನದೇ! ಗಣಪ ಬೈದಿದ್ದರೆ ಲಿಯೋನೆಲನಿಗೆ ಸಹಿಸಬಹುದಿತ್ತು. ಬೈಯದಿರುವವನಿಗೆ ಉತ್ತರ ಕೊಡುವುದು ಹೇಗೆ? ಅವನು ಉತ್ತರ ಹುಡುಕುತ್ತಿರುವಾಗಲೇ, ಮರುದಿನದ ಬಸ್ಸಿನಿಂದ ಗಣಪನೇ ಇಳಿದ. ಕರಗಿದ ಸೆಟ್ಟು ಮಗುವಿನಂತೆ ಅವನ ತೋಳಿನಲ್ಲಿತ್ತು.

“ಯಂತ್ರ ಒಮ್ಮೆ ತೋರಿಸಿ ಮಾರಾಯ್ರೆ. ಮುಟ್ಟುವುದಿಲ್ಲ. ದೂರದಿಂದ ನೋಡುತ್ತೇನೆ.”

“ಯಂತ್ರ ಎಂತದ್ದು ಗಣಪ, ಅಂಥದ್ದು ಎಂತ ಇಲ್ಲ...”

“ನೋಡಿ, ನಿಮ್ಮ ಈ ಗುಣವೇ ದೊಡ್ಡದು. ಬೇರೆಯವರಾದರೆ ಬೋರ್ಡು ಹಾಕುತ್ತಿದ್ದರು.”

“ಅಲ್ಲ ಮಾರಾಯ, ನಿಜವಾಗಿ—”

“ಒಳಗೆ ಉಂಟಾ?” ಗಣಪ ಮನೆಯ ಬಾಗಿಲಿನತ್ತ ಕತ್ತು ಚಾಚಿದ.

ಲಿಯೋನೆಲ್ ಎದ್ದು ಬಾಗಿಲಿಗೆ ಅಡ್ಡ ನಿಂತ. “ಒಳಗೆ ಉಂಟು. ಆದರೆ ಈಗ ತೆರೆಯಲಿಕ್ಕೆ ಆಗುವುದಿಲ್ಲ. ನಡುವಿನಲ್ಲಿ ತೆರೆದರೆ ಉಷ್ಣ ಒಡೆಯುತ್ತದೆ.”

ಉಷ್ಣ ಒಡೆಯುವುದೆಂದರೆ ಏನೆಂದು ಹೇಳಿದವನಿಗೂ ತಿಳಿದಿರಲಿಲ್ಲ. ಕೇಳಿದವನಿಗೆ ಮಾತ್ರ ಪೂರ್ತಿ ತಿಳಿಯಿತು. ಗಣಪ ದನಿ ತಗ್ಗಿಸಿ, “ಹಾಲಿನ ಹಾಗೆ ಅಲ್ವಾ?” ಎಂದ. ಲಿಯೋನೆಲ್ ತಲೆಯಾಡಿಸಿದ. ಗಣಪ ಆ ಮಾತನ್ನು ಕಾರ್ಕಳಕ್ಕೆ ಒಯ್ದು, ಪುಸ್ತಕ ಕೈಗೆ ಬಂದ ಕೂಡಲೇ ಅದರಲ್ಲಿ ಇಳಿಸಿ, ಇಡೀ ಸುತ್ತಿಗೆ ಹಂಚಿದ.

ಆ ಮೇಲೆ ಸೆಟ್ಟುಗಳು ಬರತೊಡಗಿದವು. ‘ಯಂತ್ರ ನಿಮ್ಮಲ್ಲಿರುವುದರಿಂದ’ ಎಂಬ ಚೀಟಿಯೊಂದಿಗೆ ಉಡುಪಿಯಿಂದ ಎರಡು, ಕಾಪುವಿನಿಂದ ಒಂದು, ಕಾರ್ಕಳದಿಂದ ಎರಡು. ಮಳೆ ಜಡಿಯುತ್ತಿತ್ತು, ಊರೂರಿನ ಟೂ-ಇನ್-ವನ್‌ಗಳೆಲ್ಲ ಕೋಣಗಳಂತೆ ಹಾಡುತ್ತಿದ್ದವು.

“ಪೊರ್ಬುಗಳೇ, ಇದು ಬಸ್ಸಾ ಇಲ್ಲ ಆಸ್ಪತ್ರೆಯ ಗಾಡಿಯಾ?” ಎಂದು, ಆ ಕಡೆ ಕ್ರೈಸ್ತರನ್ನು ಕರೆಯುವ ಹೆಸರಿನಿಂದಲೇ ಲಿಯೋನೆಲನನ್ನು ಕರೆದು, ಕಂಡಕ್ಟರ್ ಕಿಟಕಿಯಿಂದ ಕೂಗಿದ. “ಹೆಂಗಸರಿಗೆ ಸೀಟಿಲ್ಲ, ನಿಮ್ಮ ಪೆಟ್ಟಿಗೆಗಳು ಕಾಲು ಚಾಚಿ ಕೂತಿವೆ!”

ಲಿಯೋನೆಲ್ ಎಲ್ಲವನ್ನೂ ಒಳಗೆ ಒಯ್ದು ಅಟ್ಟದ ಮೇಲೆ ಸಾಲಾಗಿ ಇಟ್ಟ. ಡುಲ್ಸಿನ್ ಸೌಟು ಹಿಡಿದು ನೋಡುತ್ತಾ ನಿಂತಳು.

“ಎಂತ ಇದು?”

“ಒಂದು ಪದ್ಧತಿ ಉಂಟು. ಜಪಾನಿನವರ ಪುಸ್ತಕದಲ್ಲಿ ಬಂದದ್ದು.”

“ಜಪಾನಿನವರಿಗೆ ಇಡಲಿಕ್ಕೆ ಅವರದ್ದೇ ಅಡುಗೆಮನೆ ಇಲ್ಲವಾ? ನನ್ನ ಬಂಗುಡೆ ಎಲ್ಲಿ ಇಡಲಿ? ನಿಮ್ಮ ತಲೆಯ ಮೇಲೆ ಇಡಲಾ?”

“ನಾಲ್ಕೇ ದಿನ.”

“ನಾಲ್ಕು ದಿನದಲ್ಲಿ ಬಂಗುಡೆಗೆ ಹುಳ ಬೀಳುತ್ತದೆ. ಆಗ ಅದನ್ನು ಸರಿ ಮಾಡುವ ಪದ್ಧತಿಯೂ ಪುಸ್ತಕದಲ್ಲಿ ಉಂಟಾ, ನೋಡಿ.”

ಬೆಂಕಿ ಸಾಲದೆಂದು ಲಿಯೋನೆಲ್ ಅವಳಿಗೆ ಮಧ್ಯಾಹ್ನವೂ ಒಲೆ ಆರಿಸಬೇಡ ಎಂದ. ಬೆಂಕಿ ಹೆಚ್ಚಾಯಿತೆಂದು ಮೀನಿನ ಸಾರು ಕುದಿಯುತ್ತಿರುವಾಗ ಬಂದು ಸೌದೆ ಎಳೆದ. ಡುಲ್ಸಿನ್ ಅರ್ಧ ಬೆಂದ ಸಾರನ್ನೇ ಬಡಿಸಿ, “ಇದಕ್ಕೂ ನಿಧಾನ ಉಷ್ಣ,” ಎಂದಳು.

ಪಕ್ಕದ ಮನೆಯ ಬರ್ತಾಬಾಯಿ ಮಜ್ಜಿಗೆ ಮೆಣಸು ಕೇಳಲು ಬಂದವಳು ಅಟ್ಟ ನೋಡಿ ಬಾಯಿಯ ಮೇಲೆ ಕೈ ಇಟ್ಟಳು. ಸಂಜೆಯೊಳಗೆ ಸಂತೆಕಟ್ಟೆಯಿಂದ ಕಲ್ಯಾಣಪುರದವರೆಗೆ, ಡುಲ್ಸಿನಳ ತಮ್ಮ ಕುವೈತಿನಿಂದ ಐದು ಟೂ-ಇನ್-ವನ್ ತಂದು ಯಾರಿಗೂ ಹೇಳದೆ ಬಚ್ಚಿಟ್ಟಿದ್ದಾನೆ ಎಂದು ಸುದ್ದಿ ಹಬ್ಬಿತು. ಭಾನುವಾರ ಇಗರ್ಜಿಯ ಮೆಟ್ಟಿಲಲ್ಲಿ ಮೂವರು ಸಂಬಂಧಿಕರು ಡುಲ್ಸಿನಳ ಜೊತೆ ಮಾತು ಬಿಟ್ಟರು. ಅವಳ ತಮ್ಮ ಮುಂಬಯಿಯ ಒಂದು ಹೊಟೇಲಿನಲ್ಲಿ ಕ್ಯಾಷಿಯರನಾಗಿದ್ದ. ಕುವೈತನ್ನು ಅವನು ನಕ್ಷೆಯಲ್ಲೂ ನೋಡಿರಲಿಲ್ಲ.

ಐದು ಸೆಟ್ಟುಗಳೂ ಸರಿಯಾಗಿ ತಮ್ಮ ಊರಿಗೆ ಮರಳಿದವು, ಅಟ್ಟಕ್ಕೆ ಬೇರೆ ಸೆಟ್ಟುಗಳು ಬಂದು ಕುಳಿತವು. ಅದೇ ದೊಡ್ಡ ಅನಾಹುತವಾಯಿತು. ಭುಜಂಗಣ್ಣನಿಂದ ಕಾರ್ಡು ಬಂತು: ‘ಬರುವ ಭಾನುವಾರ ಮೂರು ಗಂಟೆಗೆ ನಾವು ಮೂವರೂ ಯಂತ್ರ ನೋಡಲು ಬರುತ್ತೇವೆ. ಮಣಿಪಾಲದಲ್ಲಿ ಓದುವ ಗ್ಲ್ಯಾಡಿಸ್ ಎಂಬ ಮಿಸ್ಸು ಜೊತೆಗಿರುತ್ತಾರೆ. ಒಂದೇ ಕಸುಬಿನವರು ತಮಗೆ ತಿಳಿದದ್ದನ್ನು ಒಬ್ಬರಿಗೊಬ್ಬರು ಯಾಕೆ ಹೇಳಿಕೊಡುತ್ತಾರೆ ಎಂಬ ಬಗ್ಗೆ ಅವರು ಪ್ರಬಂಧ ಬರೆಯುತ್ತಿದ್ದಾರೆ. ನಮ್ಮ ಪುಸ್ತಕ ನೋಡಿ ಆಶ್ಚರ್ಯಪಟ್ಟರು. ನಿಮ್ಮ ಬಗ್ಗೆ ನಾನೇ ಹೇಳಿದ್ದೇನೆ.’

ಲಿಯೋನೆಲ್ ಮೂರು ದಿನ ಕುಳಿತು ಯಂತ್ರ ಮಾಡಿದ. ದೊಡ್ಡ ಬಿಸ್ಕತ್ತಿನ ಡಬ್ಬಿ, ಒಳಗೊಂದು ಬಲ್ಬು, ಹೊರಗೆ ಹಳೆಯ ವಾಲ್ವ್ ರೇಡಿಯೋದಿಂದ ತೆಗೆದ ಮೂರು ಗುಂಡಿಗಳು. ಗುಂಡಿಗಳಿಗೂ ಬಲ್ಬಿಗೂ ಸಂಬಂಧ ಇರಲಿಲ್ಲ. ಪರೀಕ್ಷೆಗೆಂದು ಅದರಲ್ಲಿ ಒಂದು ಸೆಟ್ಟು ಇಟ್ಟ. ಬಲ್ಬು ಹಾಕಿ ಹತ್ತು ನಿಮಿಷ ಆಗುವುದರೊಳಗೆ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟು, ಶುಕ್ರವಾರದಿಂದ ಇಡೀ ಸಂತೆಕಟ್ಟೆಗೆ ಕರೆಂಟು ಇಲ್ಲದಾಯಿತು. ಭಾನುವಾರ ಬೆಳಿಗ್ಗೆ ಅವನು ಡಬ್ಬಿಯ ಸೆಟ್ಟನ್ನು ತೆಗೆದು, ಅಟ್ಟದ ಮೇಲೆ ಸರಿಯಾಗಿದ್ದ ಇನ್ನೊಂದನ್ನು ಅದರಲ್ಲಿ ಇಟ್ಟ.

ಮೂರು ಗಂಟೆಗೆ ಅವರು ಬಂದರು. ಮುಂದೆ ಭುಜಂಗಣ್ಣ, ಇಸ್ತ್ರಿ ಮಾಡಿದ ಬಿಳಿ ಪಂಚೆ. ಹಿಂದೆ ಕೊಡೆ ಮಡಚುತ್ತಾ ಯೂಸುಫ್. ಅವನ ಹಿಂದೆ ಗಣಪ. ಕೊನೆಯಲ್ಲಿ ಟೈಪು ಮಾಡಿದ ಹಾಳೆಗಳ ಕಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡ ಗ್ಲ್ಯಾಡಿಸ್ ಮಿಸ್ಸು. ಎಲ್ಲರೂ ಬಿಸ್ಕತ್ತಿನ ಡಬ್ಬಿಯ ಮುಂದೆ ಚಪ್ಪಲಿ ಬಿಟ್ಟು ನಿಂತರು.

“ಮೊದಲು ನನ್ನ ಪ್ರಶ್ನೆಗಳು,” ಎಂದರು ಗ್ಲ್ಯಾಡಿಸ್. “ನೀವು ಈ ಪುಸ್ತಕದಲ್ಲಿ ಯಾಕೆ ಬರೆಯುತ್ತೀರಿ? ಒಂದು, ಹೆಸರಿಗಾಗಿ. ಎರಡು, ಪಡೆದ ಸಹಾಯಕ್ಕೆ ಪ್ರತಿಯಾಗಿ. ಮೂರು, ಕಸುಬಿನ ಮೇಲಿನ ಪ್ರೀತಿಯಿಂದ. ನಾಲ್ಕು, ಇತರೆ.”

“ಹೆಸರು ನನಗೆ ಮೊದಲೇ ಉಂಟು,” ಎಂದರು ಭುಜಂಗಣ್ಣ. “ನಾನು ಬರೆಯುವುದು ಕರ್ತವ್ಯ ಅಂತ. ಉಡುಪಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಭುಜಂಗ ಎಂಥವನು ಅಂತ. ಬರೆದುಕೊಳ್ಳಿ, ಭುಜಂಗ, ಕೊಂಬು ಇಲ್ಲದೆ ಬರೆಯಬೇಡಿ.”

ಗ್ಲ್ಯಾಡಿಸ್ ಒಂದಕ್ಕೆ ಗುರುತು ಹಾಕಿದರು.

ಯೂಸುಫ್ ತಲೆ ಕೆರೆದುಕೊಂಡ. “ನಾನು ಕಾಪುವಿನಲ್ಲಿ ಅಂಗಡಿ ಹಾಕಿದಾಗ ಟೇಪು ತಿರುಗಿಸುವ ಬೆಲ್ಟು ಹಾಕುವ ಕ್ರಮ ಗೊತ್ತಿರಲಿಲ್ಲ ಮಿಸ್. ಈ ಗಣಪ ಬರೆದದ್ದು ಓದಿ ಕಲಿತದ್ದು. ಮತ್ತೆ ನನಗೆ ಗೊತ್ತಾದದ್ದನ್ನು ನಾನು ಹೇಳದಿದ್ದರೆ ಅವನ ಮುಖ ನೋಡುವುದು ಹೇಗೆ?”

ಎರಡಕ್ಕೆ ಗುರುತು ಬಿತ್ತು.

ಗಣಪ ಕೈ ಕಟ್ಟಿಕೊಂಡು ಒಂದು ಹೆಜ್ಜೆ ಮುಂದೆ ಬಂದ. “ಕಾರ್ಕಳದಲ್ಲಿ ಒಂದು ದೋಷ ಹಿಡಿಯಲಿಕ್ಕೆ ಎರಡು ದಿನ ಒದ್ದಾಡುತ್ತೇನೆ ಅಂತ ಇಟ್ಟುಕೊಳ್ಳಿ. ಸಿಕ್ಕಿತು. ಯಾರಿಗೆ ಹೇಳುವುದು? ಗಿರಾಕಿ ‘ಆಯಿತಾ?’ ಕೇಳುತ್ತಾನೆ. ಹೆಂಡತಿ ‘ಊಟಕ್ಕೆ ಬರುತ್ತೀರಾ?’ ಕೇಳುತ್ತಾಳೆ. ಪುಸ್ತಕದಲ್ಲಿ ಬರೆದರೆ, ಮೂರು ಜನ ಓದಿ ‘ಹೌದಾ ಮಾರಾಯ!’ ಅನ್ನುತ್ತಾರೆ. ಕೇಳಿಸುವುದಿಲ್ಲ, ಆದರೆ ಅನ್ನುತ್ತಾರೆ ಅಂತ ಗೊತ್ತಿರುತ್ತದೆ.”

ಗ್ಲ್ಯಾಡಿಸ್ ಪೆನ್ನು ಎತ್ತಿ ಹಿಡಿದು, ಹಾಳೆಯನ್ನು ಮೇಲಿಂದ ಕೆಳಗೆ ನೋಡಿ, “ಇತರೆ,” ಎಂದರು.

ನಂತರ ಲಿಯೋನೆಲನ ಸರದಿ. ಲಿಯೋನೆಲ್ ಡಬ್ಬಿಯ ಮೇಲಿದ್ದ ಬಿಸ್ಕತ್ತಿನ ಚಿತ್ರವನ್ನು ನೋಡುತ್ತಾ ಕುಳಿತ. ಒಂದು ನಿಮಿಷವಾಯಿತು. ಎರಡಾಯಿತು. ಹೊರಗೆ ಒಂದು ಲಾರಿ ಹೋಯಿತು. ಗ್ಲ್ಯಾಡಿಸ್ ಮೆಚ್ಚಿ, ‘ಅತಿಯಾದ ವಿನಯ’ ಎಂದು ಅಂಚಿನಲ್ಲಿ ಬರೆದುಕೊಂಡರು.

ಯಂತ್ರವನ್ನು ತೆರೆಯಲಾಯಿತು. ಸೆಟ್ಟಿಗೆ ಆರು ದಪ್ಪ ಬ್ಯಾಟರಿ ಹಾಕಿ ಸ್ವಿಚ್ಚು ಒತ್ತಿದರು. ಹೆಂಗಸು ಹೆಂಗಸಾಗಿಯೇ ಹಾಡಿದಳು. ಗಣಪ ಕೈಮುಗಿದ. ಭುಜಂಗಣ್ಣ ಮಾತ್ರ ಹುಬ್ಬು ಗಂಟಿಕ್ಕಿದರು.

“ಪೊರ್ಬುಗಳೇ, ಇಲ್ಲಿ ಶುಕ್ರವಾರದಿಂದ ಕರೆಂಟು ಇಲ್ಲ ಅಂತ ಬಸ್ಸಿನಲ್ಲಿ ಹೇಳುತ್ತಿದ್ದರು. ಮತ್ತೆ ಈ ಬಲ್ಬು ಉರಿದದ್ದು ಹೇಗೆ?”

ಪುಸ್ತಕ ಭುಜಂಗಣ್ಣನ ಕಂಕುಳಲ್ಲೇ ಇತ್ತು. ಲಿಯೋನೆಲನಿಗೆ ಅದರ ಮೇಣಬಟ್ಟೆಯನ್ನು ಬಿಟ್ಟು ಬೇರೇನೂ ಕಾಣಲಿಲ್ಲ.

“ಉಳಿಕೆ ಉಷ್ಣ,” ಎಂದ.

“ಏನು?”

“ಮೊದಲು ಕೊಟ್ಟ ಉಷ್ಣ ಡಬ್ಬಿಯಲ್ಲಿ ಉಳಿಯುತ್ತದೆ. ಕರೆಂಟು ಹೋದ ಮೇಲೆ ಅದೇ... ಕೆಲಸ ಮಾಡುತ್ತದೆ.”

ಭುಜಂಗಣ್ಣ ನಿಧಾನವಾಗಿ ತಲೆಯಾಡಿಸಿದರು. “ಹಾಗೆ ಹೇಳಿ. ನಾನೂ ಅದನ್ನೇ ಎಣಿಸಿದ್ದೆ,” ಎಂದು ಪುಸ್ತಕ ಬಿಚ್ಚಿ ಕೆಂಪು ಶಾಯಿಯಲ್ಲಿ ‘ಉಳಿಕೆ ಉಷ್ಣ’ ಎಂದು ಬರೆದು ಎರಡು ಗೆರೆ ಎಳೆದರು.

ಯೂಸುಫ್ ಅಷ್ಟರಲ್ಲಿ ಸೆಟ್ಟನ್ನು ಎತ್ತಿ ಸ್ಪೀಕರಿಗೆ ಕಿವಿ ಕೊಟ್ಟಿದ್ದ. ಕಿವಿಯ ಬಳಿಯೇ ಮೂಗೂ ಇರುತ್ತದೆ. ಅವನು ಒಮ್ಮೆ ಮೂಸಿದ. ಇನ್ನೊಮ್ಮೆ ಮೂಸಿದ. ಕಡಲ ದಂಡೆಯಲ್ಲಿ ಹುಟ್ಟಿದವನಿಗೆ ಒಣ ಬಂಗುಡೆಯ ವಾಸನೆಯನ್ನು ಯಾರೂ ಪರಿಚಯಿಸಬೇಕಾಗಿಲ್ಲ. ಸೆಟ್ಟನ್ನು ಕೆಳಗಿಟ್ಟು, “ಲಿಯೋನೆಲ್, ಒಂದು ಲೋಟ ನೀರು ಕುಡಿದು ಬರುತ್ತೇನೆ,” ಎಂದು, ಲಿಯೋನೆಲ್ ಏಳುವುದರೊಳಗೆ ಒಳಗೆ ಹೋದ.

ಒಳಗೆ ನೀರು ಕೊಡುವ ಶಬ್ದ ಕೇಳಿಸಿತು. ಕುಡಿಯುವ ಶಬ್ದ ಕೇಳಿಸಿತು. ನಂತರ ಬಹಳ ಹೊತ್ತು ಯಾವ ಶಬ್ದವೂ ಕೇಳಿಸಲಿಲ್ಲ. ಅಟ್ಟದ ಮೇಲೆ ಇನ್ನೂ ಎರಡು ಸೆಟ್ಟುಗಳು ಬಂಗುಡೆಯ ಸರದ ಪಕ್ಕ ಕುಳಿತಿದ್ದವು. ಲಿಯೋನೆಲ್ ತನ್ನ ಅಂಗಡಿಗೆ ಬೀಗ ಎಷ್ಟು ದೊಡ್ಡದು ಬೇಕಾದೀತು ಎಂದು ಯೋಚಿಸತೊಡಗಿದ.

ಯೂಸುಫ್ ಗಡ್ಡ ಒರೆಸಿಕೊಳ್ಳುತ್ತಾ ಹೊರಗೆ ಬಂದ. ಲಿಯೋನೆಲನ ಮುಖ ನೋಡಿದ. ಡಬ್ಬಿಯನ್ನು ನೋಡಿದ.

“ಯಂತ್ರ ಚೆಂದ ಉಂಟು,” ಎಂದ. ಅಷ್ಟೇ.

ಅವನ ಹಿಂದೆಯೇ ಡುಲ್ಸಿನ್ ಚಹಾದ ತಟ್ಟೆ ಹಿಡಿದು ಬಂದಳು. ಗ್ಲ್ಯಾಡಿಸ್ ಕೊನೆಯ ಹಾಳೆ ತಿರುವಿದರು. “ಕೊನೆಯ ಪ್ರಶ್ನೆ. ಈ ವಿಧಾನ ನಿಮಗೆ ಹೊಳೆದದ್ದು ಹೇಗೆ?”

ಡುಲ್ಸಿನ್ ಅವನ ಮುಂದೆ ಲೋಟ ಇಡುತ್ತಿದ್ದಳು. ಅವಳ ಕೈಗೆ ಒಲೆಯ ಮಸಿ ಹತ್ತಿತ್ತು. ಲಿಯೋನೆಲ್ ಚಹಾ ಕುಡಿದು ನಾಲಿಗೆ ಸುಟ್ಟುಕೊಂಡ.

“ಹಾಗೇ,” ಎಂದ. “ಯೋಚನೆ ಮಾಡುತ್ತಾ ಇರುವಾಗ.”

“ನಿಮಗೆ ತುಂಬ ಹೆಮ್ಮೆ ಅಲ್ವಾ?” ಎಂದು ಗ್ಲ್ಯಾಡಿಸ್ ಡುಲ್ಸಿನಳನ್ನು ಕೇಳಿದರು.

“ಹೆಮ್ಮೆ ಉಂಟು ಮಿಸ್,” ಎಂದಳು ಡುಲ್ಸಿನ್. “ಜಾಗ ಇಲ್ಲ.”

ಮುಂದಿನ ಸುತ್ತಿನಲ್ಲಿ ಪುಸ್ತಕ ಎಂದಿನಂತೆ ಸಂತೆಕಟ್ಟೆಯಲ್ಲಿ ಇಳಿಯಿತು. ಲಿಯೋನೆಲ್ ಅಂಗಡಿಯಲ್ಲೇ ನಿಂತು ಕಾಪುವಿನ ಪುಟ ತೆಗೆದ. ಯೂಸುಫ್ ದುಂಡಗೆ ಬರೆದಿದ್ದ: ‘ಥಂಡಿ ಹಿಡಿದ ಸೆಟ್ಟನ್ನು ಒಲೆಯ ಮೇಲಿನ ಅಟ್ಟದಲ್ಲಿ ನಾಲ್ಕು ದಿನ ಇಡಬೇಕು. ಹಳೆಯ ಬಟ್ಟೆ ಸುತ್ತಬೇಕು, ಇಲ್ಲದಿದ್ದರೆ ಹೊಗೆ ಹಿಡಿಯುತ್ತದೆ. ದಿನಕ್ಕೊಮ್ಮೆ ತಿರುಗಿಸಿ ಇಡಬೇಕು. ಮೀನಿನಿಂದ ದೂರ ಇಡಬೇಕು.’ ಕಂಡುಹಿಡಿದವರು ಎಂಬ ಕಾಲಮ್ಮಿನಲ್ಲಿ: ‘ನನ್ನ ತಾಯಿ ಆಸಿಯಮ್ಮ, ಕಾಪು.’ ಸಂತೆಕಟ್ಟೆಯ ಬಗ್ಗೆ ಒಂದಕ್ಷರ ಇರಲಿಲ್ಲ.

ಕೆಳಗೆ ಗಣಪ: ‘ಮಾಡಿದೆ. ಸರಿಯಾಯಿತು. ನಾಲ್ಕು ದಿನ ಕಾಯಬೇಕಾದ್ದರಿಂದ ಪುಸ್ತಕ ಕಳಿಸುವುದು ತಡವಾಯಿತು. ಆಸಿಯಮ್ಮನವರಿಗೆ ನಮಸ್ಕಾರ.’ ಜೊತೆಗೆ ಭುಜಂಗಣ್ಣನದೊಂದು ಚೀಟಿ: ‘ಕಾಪುವಿನ ಸುದ್ದಿ ಕೇಳಿದೆ. ಸರಳ, ಉತ್ತಮ. ಲಿಯೋನೆಲರ ಯಂತ್ರ ಇಲ್ಲದವರಿಗೆ ಉಪಯೋಗವಾದೀತು. ಗ್ಲ್ಯಾಡಿಸ್ ಮಿಸ್ಸಿಗೆ ಆಸಿಯಮ್ಮನವರ ಫೋಟೋ ಬೇಕಂತೆ, ಪ್ರಬಂಧದಲ್ಲಿ ಹಾಕಲು.’

ಊಟಕ್ಕೆ ಕರೆಯಲು ಬಂದ ಡುಲ್ಸಿನ್ ಅವನ ಭುಜದ ಹಿಂದಿನಿಂದ ಬಗ್ಗಿ, ಸಾಲಿನ ಕೆಳಗೆ ಬೆರಳಿಟ್ಟು ಓದಿದಳು.

“ಈ ಆಸಿಯಮ್ಮ ಯಾರು?”

“ಯೂಸುಫನ ತಾಯಿ.”

“ಅವರಿಗೆ ರೇಡಿಯೋ ಕೆಲಸ ಗೊತ್ತುಂಟಾ?”

“ಇಲ್ಲ.”

“ಮತ್ತೆ?”

“ಅಟ್ಟದ ಮೇಲೆ ಇಟ್ಟರು. ಸರಿಯಾಯಿತು.”

ಡುಲ್ಸಿನ್ ಇನ್ನೊಮ್ಮೆ ಓದಿದಳು. ಈ ಸಲ ಬೆರಳು ಕೊನೆಯ ಕಾಲಮ್ಮಿನಲ್ಲಿ ನಿಂತಿತು.

“ಬುದ್ಧಿವಂತೆ,” ಎಂದಳು. “ಜಪಾನಿನವರ ಪುಸ್ತಕ ನೋಡದೆಯೇ ಮಾಡಿದರಲ್ಲ. ಈ ಪುಸ್ತಕದಲ್ಲಿ ಹೆಸರೂ ಬಂತು ಅವರದ್ದು. ಮಿಸ್ಸು ಫೋಟೋ ಕೂಡ ತೆಗೆಸುತ್ತಾರಂತೆ. ಒಂದು ಅಡುಗೆಮನೆಯಲ್ಲಿ ಇದ್ದುಕೊಂಡು ಅಂಥದ್ದೆಲ್ಲ ಹೊಳೆಯಬೇಕಾದರೆ ಸುಮ್ಮನೆ ಅಲ್ಲ.”

ಅವಳು ಗಂಜಿ ಆರುತ್ತದೆ ಎಂದು ಹೇಳಿ ಒಳಗೆ ಹೋದಳು.

ಆಸಿಯಮ್ಮನಿಗಿಂತ ಮೊದಲು, ಜುಲೈ ತಿಂಗಳಲ್ಲೇ, ಅದನ್ನು ಕಂಡುಹಿಡಿದವಳು ನೀನು ಎಂದು ಲಿಯೋನೆಲ್ ಅವಳಿಗೆ ಯಾವತ್ತೂ ಹೇಳಲಿಲ್ಲ.